ಮಲ್ಲಯ್ಯನ ಪಾಲು, ಅಪ್ಪನ ನಂಬರು

ಅವತ್ತು ಮಳೆ ಬರುತ್ತಿತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ನನ್ನದೇ ಡೈರಿಯಲ್ಲಿ ‘ವಿಪರೀತ ಬಿಸಿಲು’ ಎಂದಿದೆ. ಹಾಗಾಗಿ ಇದನ್ನು ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಐವತ್ತರ ದಶಕದ ಕೊನೆ. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಹಳಿಯಾಳದಲ್ಲಿ ಹುಟ್ಟಿದ ಅಪ್ಪ ಹತ್ತು ವರ್ಷದವನಿದ್ದಾಗಲೇ ಸೋದರಮಾವನ ಬೆನ್ನುಹತ್ತಿ ಮಡಗಾಂವಿಗೆ ಹೋಗಿ, ಮುಂದೆ ಅಲ್ಲೇ ಪಾತ್ರೆ-ಪಿಂಗಾಣಿಯ ಅಂಗಡಿ ಇಟ್ಟಿದ್ದ. ಅಲ್ಲಿಯ ಸರಕಾರದ ಕಾಗದಗಳಲ್ಲಿ ಅವನು ಅಲ್ಲಿಯವನೇ. ಅವ್ವ ಮತ್ತು ನಾನು ಹಳಿಯಾಳದಲ್ಲಿ, ಅವ್ವನ ತವರಿನಲ್ಲಿದ್ದೆವು. ಅಪ್ಪ ವರ್ಷಕ್ಕೆರಡು ಸಲ ಬಂದು ಹೋಗುತ್ತಿದ್ದ. ಗಡಿ ಬಿಗಿಯಾದಾಗ ಅಂಗಡಿ ಬಿಟ್ಟುಕೊಟ್ಟು ಕ್ಯಾಸಲ್‌ರಾಕ್ ದಾಟಿ ಬಂದುಬಿಟ್ಟ. ಅಲ್ಲಿನ ಗಡಿ ತಪಾಸಣೆಯ ನಾಕಾದಲ್ಲಿ ಕೊಟ್ಟ ಚೀಟಿಯಲ್ಲಿ ‘ಗೋವಾದಿಂದ ವಲಸೆ ಬಂದವರು’ ಎಂದಿತ್ತು. ಹುಟ್ಟಿದ ಊರಿಗೆ ವಲಸೆ! ಅಪ್ಪ ಅದನ್ನು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದ. ಅವನ ಹತ್ತಿರ ಇದ್ದ ಇಲ್ಲಿಯ ಸರಕಾರಿ ಕಾಗದ ಅದೊಂದೇ ಎಂಬುದು ನಮಗೆ ಆಗ ಹೊಳೆದಿರಲಿಲ್ಲ.

ದಾಂಡೇಲಿಯ ಕಾಗದದ ಗಿರಣಿಯ ಕ್ಯಾಂಟೀನಿಗೆ ಕಪ್ಪು-ಬಸಿ, ತಾಟು ಬೇಕಾಗಿದ್ದವು. ಅಪ್ಪನ ಮಾತಿಗೆ ಅವರು ಒಪ್ಪಿದ್ದರು. ಆದರೆ ಮಾರಾಟ ತೆರಿಗೆಯ ನಂಬರು ಇಲ್ಲದವರಿಂದ ಸಾಮಾನು ತೆಗೆದುಕೊಳ್ಳುವಂತಿರಲಿಲ್ಲ. ತೆರಿಗೆ ಸಾಹೇಬರು ತಿಂಗಳಿಗೊಂದು ದಿನ ಹಳಿಯಾಳದ ಸರಕಾರಿ ಬಂಗಲೆಯಲ್ಲಿ ಕ್ಯಾಂಪ್ ಮಾಡುತ್ತಿದ್ದರು. ಆ ತಿಂಗಳ ಕ್ಯಾಂಪಿಗೆ ಅರ್ಜಿ ಹೋಗದಿದ್ದರೆ ಕ್ಯಾಂಟೀನಿನ ಕೆಲಸ ಬೇರೆಯವರಿಗೆ. ಅಪ್ಪ ಮತ್ತೊಂದು ವರ್ಷ ಅವ್ವನ ತವರಿನ ಕಟ್ಟೆಯ ಮೇಲೆ.

ಅರ್ಜಿ ಇಂಗ್ಲಿಷಿನಲ್ಲಿತ್ತು. ಧಾರವಾಡದಲ್ಲಿ ಬಿ.ಎ. ಮುಗಿಸಿ ಆಗಷ್ಟೇ ಬಂದಿದ್ದ ನಾನು ಹಿಂದಿನ ದಿನವೇ ಪಡಸಾಲೆಯಲ್ಲಿ ಕುಳಿತು ತುಂಬಿದೆ. ಓದಿದ ವಿದ್ಯೆ ಮೊದಲ ಸಲ ಮನೆಯ ಕೆಲಸಕ್ಕೆ ಬಂದಿತ್ತು. ಹುರುಪಿಗೆ ಕೈ ನಿಲ್ಲುತ್ತಿರಲಿಲ್ಲ. ‘ಪಾಲುದಾರರು’ ಎಂಬಲ್ಲಿ ಮೊದಲು ಮಲ್ಲಯ್ಯ, ಆಮೇಲೆ ಅಪ್ಪ. ಮಲ್ಲಯ್ಯ ನಮ್ಮ ಮನೆದೇವರು. ನಮ್ಮಲ್ಲಿ ಅಂಗಡಿ ಇಡುವಾಗ ದೇವರಿಗೂ ಒಂದು ಪಾಲು ತೆಗೆದಿಡುವುದು ರೂಢಿ. ಆ ಪಾಲು ಹಳಿಯಾಳದ ಮಠದ ದಾಸೋಹಕ್ಕೆ ಹೋಗುತ್ತಿತ್ತು. ಅಪ್ಪ ಅದನ್ನು ಮಡಗಾಂವಿನಿಂದ ವರ್ಷಕ್ಕೊಂದು ಪಾತ್ರೆಯಾಗಿ, ಹೆಸರು ಕೊರೆಸಿ, ಕಳಿಸುತ್ತಿದ್ದ.

ಅಪ್ಪ ಹಟ ಹಿಡಿದದ್ದಕ್ಕೇ ದೇವರ ಹೆಸರು ಬರೆದೆ ಎಂದು ಇಷ್ಟು ವರ್ಷ ಹೇಳುತ್ತ ಬಂದೆ. ಡೈರಿ ಬೇರೆ ಹೇಳುತ್ತದೆ: ‘ಮಲ್ಲಯ್ಯನನ್ನೇ ಮೊದಲು ಬರೆದೆ. ಅಪ್ಪನಿಗೆ ಹೇಳಿಲ್ಲ. ನಾಳೆ ನೋಡಿ ಖುಷಿಪಡಲಿ.’ ತಪ್ಪನ್ನು ಯಾವಾಗ ಅಪ್ಪನ ತಲೆಗೆ ಕಟ್ಟಿದೆನೋ ತಿಳಿಯದು.

ಸಾಹೇಬರು ಮೈಸೂರು ಕಡೆಯವರು. ಮರುದಿನ ಬಂಗಲೆಯಲ್ಲಿ ಅರ್ಜಿಯ ಮೇಲೆ ಬೆರಳಿಟ್ಟು ಕೇಳಿದರು: “ಈ ಮಲ್ಲಯ್ಯನವರು ಎಲ್ಲಿ? ಅವರ ಸಹಿ ಇಲ್ವಲ್ಲ?”

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಎರಡೂ ಕೈ ಜೋಡಿಸಿ, “ಅವರು ಎಲ್ಲಾ ಕಡೆ ಅದಾರ್ರಿ ಸಾಹೇಬ್ರ,” ಎಂದ.

“ಊರೂರು ತಿರುಗೋರಾ? ಕಾಯಂ ವಿಳಾಸ ಬೇಕಲ್ರೀ.”

ನಮ್ಮ ಕಡೆಯವನೇ ಆದ ಗುಮಾಸ್ತನಿಗೆ ತಡೆಯಲಾಗಲಿಲ್ಲ. “ಶ್ರೀಶೈಲ ಅಂತ ಬರೀಲೇನ್ರಿ ಸರ?”

ಮಲ್ಲಯ್ಯ ಯಾರೆಂದು ಸಾಹೇಬರಿಗೆ ಗೊತ್ತಾಯಿತು. ಆದರೆ ನಗಲಿಲ್ಲ. “ಆ ಹೆಸರು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ,” ಎಂದು ಪೆನ್ನು ಮುಂದೆ ಮಾಡಿದರು.

ಅಪ್ಪ ಪೆನ್ನು ಮುಟ್ಟಲಿಲ್ಲ. “ಅದೊಂದು ಆಗೂದಿಲ್ರಿ. ಬೇಕಾದ್ರ ನನ್ನ ಹೆಸರು ಹೊಡೀರಿ.”

“ನಿಮ್ಮ ಹೆಸರಿಂದೇ ದೊಡ್ಡ ತೊಂದರೆ.” ಸಾಹೇಬರು ಕ್ಯಾಸಲ್‌ರಾಕಿನ ಚೀಟಿಯನ್ನು ಎತ್ತಿ ಹಿಡಿದರು. “ಇದರ ಪ್ರಕಾರ ನೀವು ಹೊರಗಿನಿಂದ ಬಂದೋರು. ಈ ಊರಿನವರು ಅನ್ನೋದಕ್ಕೆ ಏನಿದೆ?”

“ಇಲ್ಲೇ ಹುಟ್ಟೇನ್ರಿ. ಮಲ್ಲಯ್ಯಗ ಗೊತ್ತೈತಿ.”

“ಮತ್ತೆ ಅವರೇ!” ಸಾಹೇಬರು ಗಡಿಯಾರ ನೋಡಿದರು. “ಮೂರು ಗಂಟೆಗೆ ನಾನು ಹೊರಡ್ತೀನಿ. ಅಷ್ಟರೊಳಗೆ ಹಳಿಯಾಳದವರು ಅನ್ನೋದಕ್ಕೆ ಏನಾದ್ರೂ ತಂದು ತೋರಿಸಿ.”

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ನನಗೆ ಮಠದ ಅಡುಗೆಮನೆ ನೆನಪಾಯಿತು. ನನಗೋ, ಅಪ್ಪನಿಗೋ? ಡೈರಿಯಲ್ಲಿ ‘ನಮಗೆ’ ಎಂದಿದೆ. ಓಡಿದವಳಂತೂ ನಾನೇ. ನೆರಿಗೆ ಎತ್ತಿ ಹಿಡಿದು, ಪೇಟೆಯ ನಡುವೆಯೇ.

ಮಠದ ಹಿರಿಯ ಅಯ್ಯನವರು ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದರು. “ಅಜ್ಜಾರ, ಅಪ್ಪ ಕಳಿಸಿದ ಭಾಂಡೆ ಎಲ್ಲಾ ಬೇಕಾಗ್ಯಾವ್ರಿ,” ಎಂದೆ.

“ಯಾಕವಾ, ನಿನ್ನ ಮದಿವಿ ಐತೇನು?”

“ಅಪ್ಪ ಹಳಿಯಾಳದಾಂವ ಅಂತ ಸಾಹೇಬ್ರಿಗೆ ತೋರಸೂದೈತ್ರಿ.”

“ಅದನ್ನ ಭಾಂಡೆ ಹೇಳಬೇಕೇನು? ನಡಿ, ನಾನೂ ಬರ್ತೇನಿ.”

ಮಠದ ಚಕ್ಕಡಿಯಲ್ಲಿ ಹಂಡೆ, ಕೊಳಗ, ಪರಾತಗಳನ್ನು ಹೇರಿದೆವು. ಪೇಟೆಯಲ್ಲಿ ಅವುಗಳ ಸಪ್ಪಳಕ್ಕೆ ಅಂಗಡಿಯವರೆಲ್ಲ ಹೊರಗೆ ಬಂದರು. “ಎಲ್ಲಿ ಊಟಾರಿ ಅಜ್ಜಾರ?” ಎಂದು ಒಬ್ಬ ಕೂಗಿದ. “ಬಂಗಲೇದಾಗ! ಸಾಹೇಬ್ರು ನೀಡಾವ್ರದಾರ!” ಎಂದು ಅಜ್ಜಾರು ಚಕ್ಕಡಿಯಿಂದಲೇ ಕೂಗಿದರು. ನಾನು ನಗುತ್ತಿದ್ದೆ, ಜೊತೆಗೆ ಅಳುವೂ ಬರುತ್ತಿತ್ತು. ಮೂರಕ್ಕೆ ಎಷ್ಟು ಹೊತ್ತಿದೆಯೋ ಗೊತ್ತಿರಲಿಲ್ಲ.

ಸಾಹೇಬರ ಜೀಪು ಮೆಟ್ಟಿಲ ಮುಂದೆ ಬಂದು ನಿಂತಿತ್ತು. ನಾವು ಪಾತ್ರೆಗಳನ್ನು ವರಾಂಡದಲ್ಲಿ ಬೋರಲು ಹಾಕಿದೆವು. ಸಾಹೇಬರು ಮೊಣಕಾಲೂರಿ ಕುಳಿತು ಒಂದೊಂದನ್ನೇ ತಿರುಗಿಸಿ, ಚುಕ್ಕೆಚುಕ್ಕೆಯಾಗಿ ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸಿ ಓದತೊಡಗಿದರು. ಮಲ್ಲಯ್ಯನ ಪಾಲು. ಅಪ್ಪನ ಹೆಸರು, ಅವನ ಅಪ್ಪನ ಹೆಸರು, ಹಳಿಯಾಳ, ಇಸವಿ. ಮುಂದಿನ ಪಾತ್ರೆ: ಮತ್ತೆ ಹಳಿಯಾಳ. ಎಲ್ಲವೂ ಮಡಗಾಂವಿನಲ್ಲಿ ಕೊಂಡು ಅಲ್ಲೇ ಕೊರೆಸಿದವು. ಒಂದರ ಮೇಲೂ ಮಡಗಾಂವಿನ ಹೆಸರಿಲ್ಲ.

“ಅಲ್ಲಿದ್ದುಕೊಂಡು ಯಾಕೆ ಈ ಊರಿನ ಹೆಸರು ಹಾಕಿಸಿದ್ರಿ?” ಎಂದು ಸಾಹೇಬರು ಕೇಳಿದರು.

ಅಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಮತ್ತ್ಯಾವ ಊರು ಹಾಕಸ್ಲಿರಿ?”

ಸಾಹೇಬರು ಎದ್ದು, ಮೊಣಕಾಲಿನ ದೂಳು ಕೊಡವಿಕೊಂಡು, ಅಜ್ಜಾರ ಹೇಳಿಕೆಯನ್ನು ಗುಮಾಸ್ತನಿಂದ ಬರೆಸಿ ಸಹಿ ಹಾಕಿಸಿದರು. ಪಾತ್ರೆಗಳ ಮೇಲಿನ ಇಸವಿಗಳೂ ಅದರಲ್ಲಿ ಸೇರಿದವು. ಆಮೇಲೆ ನನಗೊಂದು ಹೊಸ ಅರ್ಜಿ ಕೊಟ್ಟರು. “ಏನೂ ಹೊಡೆದುಹಾಕೋದು ಬೇಡ. ಇದನ್ನ ತುಂಬಿ. ಅಂಗಡಿಯ ಹೆಸರು ಅನ್ನೋ ಜಾಗ ಖಾಲಿ ಬಿಟ್ಟಿದ್ರಲ್ಲ, ನಿಮ್ಮ ಪಾಲುದಾರರನ್ನ ಅಲ್ಲಿಗೆ ಕಳಿಸಿ.”

ನಾನು ‘ಮಲ್ಲಯ್ಯ ಸ್ಟೋರ್ಸ್’ ಎಂದು ಬರೆದು ಅಪ್ಪನಿಗೆ ಓದಿ ಹೇಳಿದೆ. “ಪಾಲುದಾರ ಹೋಗಿ ಮಾಲಕನ ಆದ್ನಲ್ಲವಾ!” ಎಂದು ಅಪ್ಪ ಜೋರಾಗಿ ನಕ್ಕ. ಈ ಸಲ ಸಾಹೇಬರೂ ನಕ್ಕರು. ನಕ್ಕರೆಂದೇ ನೆನಪು, ಡೈರಿಯಲ್ಲಿ ಆ ವಿಷಯವಿಲ್ಲ.

ಹನ್ನೊಂದನೆಯ ದಿನ ಟಪಾಲಿನಲ್ಲಿ ನಂಬರು ಬಂತು. ಅಪ್ಪ ಉಳಿ, ಸುತ್ತಿಗೆ ತಂದು, ಆ ವರ್ಷ ಮಠಕ್ಕೆ ಕೊಡಬೇಕಾಗಿದ್ದ ತಾಟನ್ನು ಬೋರಲು ಹಾಕಿಕೊಂಡು ಕುಳಿತ. ‘ಹಳಿಯಾಳ’ ಎಂಬುದನ್ನು ಆಗಲೇ ಕೊರೆಸಿ ತಂದಿದ್ದ.

“ಓದವಾ, ಒಂದೊಂದ ಓದು. ಗಡಬಡಿ ಮಾಡಬ್ಯಾಡ.”

ನಾನು ಒಂದು ಅಂಕಿ ಹೇಳುತ್ತಿದ್ದೆ. ಅವನು ಕೊರೆಯುವವರೆಗೆ ಕಾಯುತ್ತಿದ್ದೆ. ಕಾಯಲಾರದೆ ಮುಂದಿನದನ್ನು ಹೇಳಿಬಿಡುತ್ತಿದ್ದೆ. “ತಡಿಯಽ, ಇನ್ನೂ ಮೊದಲಿಂದು ಮುಗದಿಲ್ಲ!” ಎಂದು ಅಪ್ಪ ಗದರುತ್ತಿದ್ದ. ಸುತ್ತಿಗೆಯ ಸಪ್ಪಳಕ್ಕೆ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು. ಮರುದಿನ ಕಪ್ಪು-ಬಸಿಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿ ದಾಂಡೇಲಿಗೆ ಒಯ್ಯುವುದಿತ್ತು.

ಡೈರಿಯಲ್ಲಿ ಆ ದಿನದ ಪುಟದಲ್ಲಿ ಇವು ಯಾವುವೂ ಇಲ್ಲ. ಬರೀ ನಂಬರು ಇದೆ. ಮೂರು ಸಲ ಬರೆದಿದ್ದೇನೆ.