ಮಗಳ ಮಾರ್ಕ್ಸಿಗೆ ರಿಕವರಿ ಲೆಕ್ಕ

ಜುಗೂಳದ ಕೋಮಲ ಓದುವುದನ್ನು ನೋಡಿದರೆ ಪುಸ್ತಕದ ಮೇಲೆ ಕನಿಕರ ಬರುತ್ತದೆ. ಹಳದಿ, ಹಸಿರು, ಗುಲಾಬಿ ಹೈಲೈಟರ್ ಎಳೆದೆಳೆದು, ಈಗ ಬಣ್ಣ ಬೀಳದ ಸಾಲೇ ಎದ್ದು ಕಾಣುವಂತಾಗಿದೆ. ಹುಡುಗಿ ಕಿರ್ಗಿಸ್ತಾನದಲ್ಲಿ ಎಂಬಿಬಿಎಸ್ ಮುಗಿಸಿ ಬಂದವಳು. ಹೊರದೇಶದಲ್ಲಿ ಕಲಿತವರು ಇಲ್ಲಿ ಡಾಕ್ಟರಿಕೆ ಮಾಡಬೇಕಾದರೆ ಮುನ್ನೂರು ಪ್ರಶ್ನೆಗಳ ಸ್ಕ್ರೀನಿಂಗ್ ಪರೀಕ್ಷೆಯಲ್ಲಿ ನೂರೈವತ್ತು ಅಂಕ ತೆಗೆಯಲೇಬೇಕು. ಕೋಮಲ ಎರಡು ಸಲ ಬರೆದು ಎರಡೂ ಸಲ ನಾಪಾಸಾಗಿದ್ದಾಳೆ.

ಓದುವ ಪದ್ಧತಿ ತಪ್ಪಿದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಜೊತೆಗೇ ಕಲಿತು, ಮೊದಲ ಸಲಕ್ಕೇ ಪಾಸಾದ ನಿಪ್ಪಾಣಿಯ ನೀಲಮ ಫೋನಿನಲ್ಲಿ ಬಯ್ಯುತ್ತಲೇ ಇರುತ್ತಾಳೆ.

"ಏ ಹುಚ್ಚಿ, ಬಣ್ಣಾ ಹಚ್ಚಾಕ ಅದೇನ್ ಗಣಪತಿ ಮೂರ್ತಿ ಐತೇನ? ಪುಸ್ತಕ ಮುಚ್ಚಿ ಪ್ರಶ್ನೆ ಬಿಡಸ. ತಪ್ಪಿದ್ದಷ್ಟ ಮತ್ತ ತಗದ ಓದ."

"ಬಿಡಸ್ತಿದ್ನಿ. ಬಿಡಸಿದ್ರ ಮಾರ್ಕ್ಸ್ ಬರ್ತಾವಲ್ಲ ಬೇ, ಅದ ತ್ರಾಸ."

ಮಾರ್ಕ್ಸ್ ಬಂದರೆ ಅಪ್ಪನಿಗೆ ಗೊತ್ತಾಗುತ್ತದೆ. ಅಪ್ಪ ರಾವಸಾಹೇಬರು ಒಂದು ಅವಧಿಗೆ ಸಕ್ಕರೆ ಕಾರ್ಖಾನೆಯ ಡೈರೆಕ್ಟರ್ ಆಗಿದ್ದರು. ಆ ಅವಧಿ ಮುಗಿದದ್ದನ್ನು ಅವರಿಗೆ ಯಾರೂ ತಿಳಿಸಿದಂತಿಲ್ಲ. ನೂರು ಕಿಲೋ ಕಬ್ಬಿಗೆ ಎಷ್ಟು ಕಿಲೋ ಸಕ್ಕರೆ ಇಳಿಯಿತು ಎಂಬ 'ರಿಕವರಿ'ಯನ್ನು ಬೆಳಿಗ್ಗೆ ಎದ್ದು ವಿಚಾರಿಸಿ, ಊರಿಗೆ ಹೇಳುವುದು ಅವರ ಚಟ. ಕಾರ್ಖಾನೆಯವರು ಫೋನ್ ಎತ್ತುವುದನ್ನು ಬಿಟ್ಟಮೇಲೆ ಮಗಳು ಕೈಗೆ ಸಿಕ್ಕಳು.

ಕೋಮಲ ಮನೆಯಲ್ಲಿ ಮೊದಲ ಮಾದರಿ ಪರೀಕ್ಷೆ ಬರೆದ ದಿನವೇ ಸುದ್ದಿ ಭೂಪಾಲನ ಚಹಾದಂಗಡಿ ಮುಟ್ಟಿತ್ತು.

"ನಮ್ ಡಾಕ್ಟರ್‌ದು ಇವತ್ತಿನ ರಿಕವರಿ ಮೂವತ್ತಾರ ಪರ್ಸೆಂಟ್!"

"ಕಬ್ಬಿಗೆ ಹನ್ನೊಂದ ಬಂದ್ರ ಪೇಢೆ ಹಂಚ್ತಾರ್ರಿ ಸಾಹೇಬ್ರ," ಎಂದ ಭೂಪಾಲ. "ಪೋರಿ ಭಾರೀ ಅದಾಳ ಬಿಡ್ರಿ!"

ಅಂಗಡಿಯೆಲ್ಲ ತಲೆದೂಗಿತು. ನಾಪಾಸಾಗುವ ಅಂಕಕ್ಕೆ ಊರಿನ ಅಭಿನಂದನೆ! ಮರುದಿನದಿಂದ ಅವಳು ಡೇರಿಗೆ ಹಾಲು ಹಾಕಲು ಹೋದರೂ "ಇವತ್ತ ಎಷ್ಟ್ ಬಿತ್ತವಾ?" ಎಂಬ ಪ್ರಶ್ನೆ. ಮಧ್ಯೆ ಒಮ್ಮೆ ಎರಡು ಅಂಕ ಇಳಿದಾಗ, "ನೀರ ಕಡಿಮಿ ಆಗೇತೇನ್ರಿ?" ಎಂದು ಯಾರೋ ಅಪ್ಪನನ್ನು ಕಾಳಜಿಯಿಂದಲೇ ಕೇಳಿದರು. ಕೋಮಲ ಪ್ರಶ್ನೆಪತ್ರಿಕೆ ಎತ್ತಿಟ್ಟು ಹೈಲೈಟರ್ ಹಿಡಿದಳು. ಬಣ್ಣ ಬಳಿದರೆ ಯಾರೂ ಅಂಕ ಕೇಳುವುದಿಲ್ಲವಲ್ಲ.

ಮೂರನೆಯ ಸಲದ ಸ್ಕ್ರೀನಿಂಗ್ ಪರೀಕ್ಷೆ ಹತ್ತಿರ ಬಂತು. ಕೊನೆಗೊಂದು ದಿನ ಅವಳು ಬಾಗಿಲು ಹಾಕಿಕೊಂಡು ಮಾದರಿ ಪತ್ರಿಕೆಯ ಮುನ್ನೂರೂ ಪ್ರಶ್ನೆ ಬಿಡಿಸಿದಳು. ನೂರಾ ಹದಿನೆಂಟು ಬಂತು. ಹೊರಗೆ ಬಂದರೆ ಅಪ್ಪ ಟೋಪಿ ಹಾಕಿಕೊಂಡು ಚಹಾದಂಗಡಿಗೆ ಹೊರಡಲು ತಯಾರು.

"ಎಷ್ಟ್ ಬಂತವಾ?"

"ಹೇಳೂದಿಲ್ಲ."

"ಅಂದ್ರ?"

"ಅಪ್ಪಾ, ನನಗ ಏನೇನ್ ಬರೂದಿಲ್ಲ ಅಂತ ನನಗ ತಿಳೀಬೇಕು, ಅದಕ್ಕ ಬರ್ಯಾಕತ್ತೀನಿ. ನೀ ಡಂಗುರಾ ಹೊಡದಿ ಅಂದ್ರ ನಾ ಬರ್ಯೂದ ಬಿಡ್ತೀನಿ. ಬಿಟ್ರ ಮತ್ತ ನಾಪಾಸ. ಅದನ್ನ ಯಾರಿಗ್ ಹೇಳ್ತಿ?"

ರಾವಸಾಹೇಬರು ಗಂಟಲು ಸರಿಮಾಡಿಕೊಂಡರು. "ಭೂಪಾಲ ಕೇಳ್ತಾನ. ಏನ್ ಹೇಳ್ಲಿ?"

"ಹೊಲದ ಸುದ್ದಿ ಹೇಳ."

ಹೊಲದಲ್ಲಿ ಹೇಳುವಂಥ ಸುದ್ದಿಯೇನೂ ಇರಲಿಲ್ಲ. ಅವರು ಟೋಪಿ ತೆಗೆದು ಗೂಟಕ್ಕೆ ಸಿಕ್ಕಿಸಿದರು. ಆಮೇಲೆ ದನಿ ತಗ್ಗಿಸಿ, "ಬರೇ ನನಗೊಬ್ಬಗ ಹೇಳ," ಎಂದರು.

ಅಂಕ ಹೇಳದೆಯೇ ಅವಳು ಒಳಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಕೋಮಲ ತಪ್ಪಿದ ಮೊದಲ ಪ್ರಶ್ನೆಗೆ, ಪುಸ್ತಕ ಮುಚ್ಚಿಯೇ, ಬಾಯಲ್ಲಿ ಉತ್ತರ ಹೇಳತೊಡಗಿದಳು. ಅದೂ ಅರ್ಧಕ್ಕೇ ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಿದಳು. ಹೊರಗೆ ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಭೂಪಾಲನ ಫೋನ್ ಎರಡು ಸಲ ಬಂತು. ಅವರು ಎತ್ತಲಿಲ್ಲ.