ದಾಖಲೆಯಲ್ಲಿಲ್ಲದ ಅಳು

ಗಲ್ಫಿನ ಕರಾಮದಲ್ಲಿ ನೆಲೆಸಿದ ಮಾರ್ಟಿನಾ ಪಾಯ್ಸ್‌ಗೆ ಅಮೆರಿಕದ ಸಂವಿಧಾನದ ತಿದ್ದುಪಡಿಗಳು ಬಾಯಿಪಾಠ. ಆದರೆ ಅಮೆರಿಕವನ್ನು ಅವಳು ಕಂಡೇ ಇಲ್ಲ. ಹದಿನಾಲ್ಕು ವರ್ಷಗಳಿಂದ ಅವಳದು ಒಂದೇ ಕೆಲಸ. ಅಲ್ ಬರ್ಷಾದ ಆಫೀಸೊಂದರಲ್ಲಿ ಕುಳಿತು ಅಮೆರಿಕದ ಪೊಲೀಸ್ ವಿಚಾರಣೆಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡುವುದು, ಕೊನೆಗೆ ‘ಕೇಳಿದ್ದೆಲ್ಲ ಇದರಲ್ಲಿದೆ, ಏನನ್ನೂ ಬಿಟ್ಟಿಲ್ಲ’ ಎಂದು ಸಹಿ ಹಾಕುವುದು. ಆರೋಪಿ ಬಾಯಿ ಬಿಡಲೇಬೇಕೆಂದಿಲ್ಲ, ವಕೀಲರು ಬೇಕೆಂದು ಕೇಳಬಹುದು, ಮನುಷ್ಯನನ್ನು ಮುರಿದು ಹೊರಡಿಸಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಇದನ್ನೆಲ್ಲ ಅವಳು ಜಪಮಾಲೆಯಷ್ಟೇ ಸಲೀಸಾಗಿ ಹೇಳಬಲ್ಲಳು. ಗೊತ್ತಿದ್ದು ಏನು ಬಂತು?

ಸೆಡ್ರಿಕ್ ಎಂಬವನ ಟೇಪು ಬಂದದ್ದು ಮೂರು ವರ್ಷದ ಹಿಂದೆ. ನಲವತ್ತು ದಾಟಿದ ಶಾಲಾ ಬಸ್ ಚಾಲಕ. ಗೋದಾಮಿಗೆ ಬೆಂಕಿ ಇಟ್ಟ ಆರೋಪ. ಒಂಬತ್ತು ಗಂಟೆಯ ವಿಚಾರಣೆಯ ಏಳನೆಯ ಗಂಟೆಯಲ್ಲಿ ಅವನು ಅಳತೊಡಗಿದ. ಇಪ್ಪತ್ತು ನಿಮಿಷ ಬಿಕ್ಕುತ್ತಾ, "ಸಾಕು, ಪ್ಲೀಸ್, ಸಾಕು" ಎನ್ನುತ್ತಲೇ ಇದ್ದ. ಆಮೇಲೆ ಸುಮ್ಮನಾಗಿ ಪೊಲೀಸರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ.

ನಿಯಮದ ಪ್ರಕಾರ ಆ ಬಿಕ್ಕನ್ನೂ ಬರೆಯಬೇಕು. ಮಾರ್ಟಿನಾ ಬರೆಯಲಿಲ್ಲ. ಇದು ಗಲ್ಫಿನವರಷ್ಟೇ ಮಾಡಬಲ್ಲ ತಪ್ಪು. ಇಲ್ಲಿಂದ ಊರಿಗೆ ವಾಯ್ಸ್ ಮೆಸೇಜ್ ಕಳಿಸುವವರು, ನಡುವೆ ಗಂಟಲು ಕಟ್ಟಿದರೆ, ಅಷ್ಟನ್ನೂ ಅಳಿಸಿ ಮತ್ತೆ ಮೊದಲಿಂದ ಮಾತಾಡುತ್ತಾರೆ. ಹೋಟೆಲಿನ ಲಾಂಡ್ರಿಯಲ್ಲಿದ್ದ ಅವಳ ಗಂಡ ಫೆಲಿಕ್ಸ್, ತಾಯಿ ತೀರಿಕೊಂಡ ದಿನ ಅಕ್ಕನಿಗೊಂದು ಮೆಸೇಜ್ ಕಳಿಸಲು ಆರು ಸಲ ಅಳಿಸಿದ್ದ. ಗಂಡಸಿನ ಅಳು ಪರರ ಕಿವಿಗೆ ಬೀಳಬಾರದು, ಅದು ಮರ್ಯಾದೆ. ಪಾಪ, ಇವನದನ್ನು ನ್ಯಾಯಾಧೀಶರ ಮುಂದೆ ಹರವುವುದೇಕೆ ಎಂದುಕೊಂಡು ಮಾರ್ಟಿನಾ ಆ ಇಪ್ಪತ್ತು ನಿಮಿಷ ಹಾರಿಸಿ ಸಹಿ ಹಾಕಿದಳು. ಒಳ್ಳೆಯದು ಮಾಡಿದೆ ಎಂಬ ಸಮಾಧಾನ ಬೇರೆ!

ಕೆಲವು ತಿಂಗಳಲ್ಲಿ ಅದೇ ಕೇಸಿನ ಕೋರ್ಟ್ ಕಲಾಪ ಟೈಪಿಗೆ ಬಂತು. ತಾನು ಅತ್ತು ಬೇಡಿಕೊಂಡೆ ಎಂದ ಸೆಡ್ರಿಕ್. ಇಲ್ಲ ಎಂದರು ಪೊಲೀಸರು. ಧ್ವನಿಮುದ್ರಣ ಕೆಟ್ಟುಹೋಗಿದೆ ಎಂದೂ ಹೇಳಿದರು. ಆಫೀಸಿನ ಪ್ರತಿಯನ್ನು ತೊಂಬತ್ತು ದಿನಕ್ಕೆ ಅಳಿಸುವುದು ಪದ್ಧತಿ. ಉಳಿದದ್ದು ಮಾರ್ಟಿನಾಳ ಕಾಗದ. ಅದನ್ನು ಓದಿದ ನ್ಯಾಯಾಧೀಶರು, ಇದರಲ್ಲಿ ಒತ್ತಡದ ಗುರುತೇ ಇಲ್ಲ, ಶಾಂತವಾಗಿ ತಾನಾಗಿಯೇ ಒಪ್ಪಿಕೊಂಡಿದ್ದಾನೆ ಎಂದರು. ಸೆಡ್ರಿಕ್‌ಗೆ ಹತ್ತೊಂಬತ್ತು ವರ್ಷ ಜೈಲಾಯಿತು.

ಅಂದಿನಿಂದ ಆ ಅಳು ಭೂಮಿಯ ಮೇಲೆ ಉಳಿದದ್ದು ಅವಳ ಕಿವಿಯಲ್ಲೊಂದೇ. ಮೆಟ್ರೋದ ಬಾಗಿಲು ಮುಚ್ಚಿದಾಗ ಕೇಳಿಸುತ್ತಿತ್ತು. ಮಿಕ್ಸಿ ನಿಲ್ಲಿಸಿದ ಕೂಡಲೇ ಕೇಳಿಸುತ್ತಿತ್ತು. ಪೂಜೆಯ ನಡುವೆ ಇಗರ್ಜಿ ಮೌನವಾದರಂತೂ ಅವಳಿಗೆ ಕುಳಿತಿರಲಾಗುತ್ತಿರಲಿಲ್ಲ.

"ಫೆಲಿಕ್ಸ್, ಯಾರೋ ಅಳ್ತಾ ಇದ್ದಾರಲ್ಲ?"

"ಎಂತದೂ ಇಲ್ಲ ಮಾರಾಯ್ತಿ, ಏಸಿ ಶಬ್ದ ಅದು."

ಈ ವರ್ಷ ಸೆಡ್ರಿಕ್‌ನ ಹೊಸ ವಕೀಲೆಯಿಂದ ಆಫೀಸಿಗೆ ಪತ್ರ ಬಂತು. ಬರೆದುಕೊಟ್ಟದ್ದರಲ್ಲಿ ಏನಾದರೂ ಬಿಟ್ಟುಹೋಗಿದೆಯೇ? ಮ್ಯಾನೇಜರ್ ಕಾನ್ರಾಡ್ ಮಾರ್ಟಿನಾಳನ್ನು ಒಳಗೆ ಕರೆದ.

"ಮಾರ್ಟಿನಾ ಬಾಯಿ, ‘ಏನೂ ಬಿಟ್ಟಿಲ್ಲ’ ಅಂತ ಒಂದು ಲೈನ್ ಬರೆದುಕೊಡಿ, ಖಲಾಸ್. ಬಿಟ್ಟಿದ್ದೇನೆ ಅಂದ್ರೆ ಕೆಲಸ ಹೋಗ್ತದೆ, ವೀಸಾ ಕ್ಯಾನ್ಸಲ್. ಫೆಲಿಕ್ಸ್ ಕೂಡ ನಿಮ್ಮ ವೀಸಾದಲ್ಲೇ ಅಲ್ವಾ ಇರುವುದು?"

ಗಲ್ಫಿನಲ್ಲಿ ಕಟ್ಟಿದ ಇಪ್ಪತ್ತಾರು ವರ್ಷದ ಬದುಕು ಒಂದು ಸಾಲಿನ ಮೇಲೆ ನಿಂತಿತ್ತು. ನಾಳೆ ಬರೆಯುತ್ತೇನೆ ಎಂದು ಹೇಳಿ ಮನೆಗೆ ಬಂದವಳು, ಚಹಾ ಕುಡಿಯುತ್ತಿದ್ದ ಗಂಡನಿಗೆ ಮೊದಲ ಬಾರಿಗೆ ಎಲ್ಲ ಹೇಳಿಬಿಟ್ಟಳು.

"ನೀವೂ ಅಳು ಬಂದ ಮೆಸೇಜ್ ಅಳಿಸ್ತಿದ್ರಲ್ಲ," ಎಂದಳು. "ನಾನು ಮಾಡಿದ್ದೂ ಅದೇ ಅಲ್ವಾ?"

ಫೆಲಿಕ್ಸ್ ಚಹಾದ ಲೋಟ ಕೆಳಗಿಟ್ಟ. "ನಾನು ಅಳಿಸಿದ್ದು ನನ್ನದು, ಮಾರ್ಟಿನಾ," ಎಂದ. "ನೀನು ಅಳಿಸಿದ್ದು ಅವನದ್ದು. ಹೇಳಿಬಿಡು. ಊರಿಗೆ ಹೋಗ್ಲಿಕ್ಕಾದ್ರೆ ಇಬ್ರೂ ಹೋಗುವ."

ಅವಳು ಇದ್ದದ್ದನ್ನು ಇದ್ದಹಾಗೆ ಬರೆದುಕೊಟ್ಟಳು. ಅದೇ ವಾರ ಕೆಲಸ ಹೋಯಿತು. ಪೆಟ್ಟಿಗೆಗಳು ಅರ್ಧ ತುಂಬಿದ್ದ ಮನೆಯಲ್ಲಿ, ಒಂದು ಸಂಜೆ ಆರಕ್ಕೆ ಅಮೆರಿಕದ ಕೋರ್ಟಿನ ವಿಡಿಯೋ ಕರೆಯ ಮುಂದೆ ಕುಳಿತು ಪ್ರಮಾಣ ಮಾಡಿದಳು.

"ಅವರು ಅತ್ತರೇ?" ಎಂದು ವಕೀಲೆ ಕೇಳಿದಳು.

"ಅತ್ತರು. ಇಪ್ಪತ್ತು ನಿಮಿಷ. ಸಾಕು ಎಂದು ಬೇಡಿಕೊಂಡರು. ನಾನು ಬರೆಯಲಿಲ್ಲ."

ಪರದೆಯ ಮೂಲೆಯಲ್ಲಿ ಜೈಲಿನ ಬಟ್ಟೆ ತೊಟ್ಟವನೊಬ್ಬ ಕುಳಿತಿದ್ದ. ಮೂರು ವರ್ಷ ಕಿವಿಯೊಳಗಿದ್ದವನ ಮುಖವನ್ನು ಅವಳು ಕಂಡದ್ದು ಆಗಲೇ. ಬಯ್ಯಲಿ ಎಂದು ತಲೆತಗ್ಗಿಸಿ ಕಾದಳು. ಅವನು ಬಯ್ಯಲಿಲ್ಲ.

"ಥ್ಯಾಂಕ್ಸ್ ಮೇಡಂ," ಎಂದ. "ಅಂದು ನೀವು ಟೈಪ್ ಮಾಡಿದ್ದ ಕಾಗದ ಓದಿ ಓದಿ, ಅವತ್ತು ನಾನು ಅಳಲೇ ಇಲ್ಲವೇನೋ ಎಂದು ನನಗೇ ಅನ್ನಿಸತೊಡಗಿತ್ತು. ಹಾಗಾದರೆ ಬೆಂಕಿ ಇಟ್ಟವನೂ ನಾನೇ ಇರಬೇಕು ಎಂದುಕೊಂಡಿದ್ದೆ."