ಎದುರುಮನೆಯ ಕ್ರಿಸ್‌ಮಸ್ ತಟ್ಟೆ

ಜಾಲಹಳ್ಳಿಯಲ್ಲಿ ನಮ್ಮ ಎದುರುಮನೆಯ ಆಂಟಿ ಡಿಸೆಂಬರ್ ಬಂತೆಂದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ಒಂದೇ ಮಾತು ಹೇಳುತ್ತಿದ್ದರು: "ಎಲ್ಲಾ ಬಜೆಟ್ಟಲ್ಲೇ ಮುಗಿಸ್ಬೇಕು." ತರಕಾರಿ ಗಾಡಿಯವನಿಗೂ ಅದೇ, ಚರ್ಚಿಗೆ ಹೊಸ ಸೀರೆ ತಗೊಂಡ್ರಾ ಎಂದು ಕೇಳಿದ ಅಮ್ಮನಿಗೂ ಅದೇ. ತೀರಿಹೋದ ಗಂಡನ ಪೆನ್ಶನ್ನಿನಲ್ಲಿ ಅವರೊಬ್ಬರೇ ಇದ್ದರು.

ಆ ವರ್ಷ ಬಿಪಿ ಜಾಸ್ತಿಯಾಗಿ, ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಹಬ್ಬದ ಕಲ್‌ಕಲ್ ಮಾಡಲು ನನ್ನನ್ನು ಕರೆದರು. ಸಿಹಿ ಹಿಟ್ಟಿನ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ, ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿಯಬೇಕು. ಹಿಟ್ಟು ಕತ್ತರಿಸಲು ಚಾಕು ಹುಡುಕಿದೆ. ಕಿಟಕಿಯ ಹತ್ತಿರ ಸಿಕ್ಕಿತು. ಪಕ್ಕದ ಬಟ್ಟಲಲ್ಲಿ ಮಾತ್ರೆಗಳಿದ್ದವು, ಎಲ್ಲವೂ ಅರ್ಧರ್ಧ ಹೋಳು.

"ಡಾಕ್ಟ್ರು ಅರ್ಧ ತಗೊಳ್ಳಿ ಅಂದ್ರಾ ಆಂಟಿ?"

"ಒಂದು ಅಂದಿದ್ದಾರೆ. ಹಬ್ಬ ಕಳೆಯೋವರೆಗೂ ಅರ್ಧ ಸಾಕು. ಎಣ್ಣೆ, ಮೈದಾ ಎಲ್ಲಾ ಬರ್ಬೇಕಲ್ಲಮ್ಮ."

"ಈ ಸಲ ಮನೆಮನೆಗೆ ಹಂಚೋದು ಬಿಡಿ."

"ಯುಗಾದಿ ಒಬ್ಬಟ್ಟು, ಗಣೇಶನ ಕಡುಬು ಎಲ್ರ ಮನೇದೂ ತಿಂದಿದೀನಿ. ಹೇಗೆ ಬಿಡ್ಲಿ?"

ಅಮ್ಮನಿಗೆ ಹೇಳಿದೆ. ಅಮ್ಮ ಹೋಗಿ ಬೈದು, ಬೇಡಿಕೊಂಡು ಬಂದಳು. ಆಂಟಿ ಎಲ್ಲದಕ್ಕೂ "ಆಯ್ತು, ಈ ಸಲ ಸ್ವಲ್ಪಾನೇ ಮಾಡ್ತೀನಿ" ಅಂದರಂತೆ.

ಕ್ರಿಸ್‌ಮಸ್ ಬೆಳಿಗ್ಗೆ ಆಂಟಿಯೇ ರಸ್ತೆ ದಾಟಿ ಬಂದು, ತಟ್ಟೆ ಕೊಟ್ಟು, ಬಾಗಿಲು ಹಿಡಿದುಕೊಂಡು ಉಸಿರು ಸುಧಾರಿಸಿಕೊಂಡರು. ಅವರು ಹೋದ ಮೇಲೆ ಅಮ್ಮ ಮುಚ್ಚಿದ ಬಟ್ಟೆ ತೆಗೆದಳು. ತಟ್ಟೆ ಪ್ರತಿವರ್ಷದಷ್ಟೇ ತುಂಬಿತ್ತು. ಒಂದು ಹಿಡಿ ಕಡಿಮೆಯಿದ್ದಿದ್ದರೆ ನಾವು ನೆಮ್ಮದಿಯಾಗಿ ತಿನ್ನುತ್ತಿದ್ದೆವು.